ಸೋತಾಕಿಗೆ ಬಿಟ್ಟ ಆಟ

ಘೋಣಸಗಿ
9 ಆಗಸ್ಟ್ 2022

ರೂಪಿ,

ನಿನ್ನ ಕಾಗದ ಮುಟ್ಟಿತು. ಶುಕ್ರವಾರದ ಚೀಲದಲ್ಲಿ ಇದ್ದದ್ದು ಅದೊಂದೇ. ತಿಕೋಟಾದಿಂದ ಚೀಲ ತರುವ ಬುಡ್ಡೇಸಾಬ ಕಾಕಾ ಅದನ್ನು ನನ್ನ ಮೇಜಿನ ಮೇಲೆ ಸುರುವಿದರು. ಇಷ್ಟು ದೂರ ಸೈಕಲ್ ತುಳಿದದ್ದಕ್ಕಾದರೂ ಒಳಗೇನಿದೆ ಓದಿ ಹೇಳು ಎಂದು ಕಟ್ಟೆಯ ಮೇಲೆ ಕೂತೇಬಿಟ್ಟರು. ನಿಮ್ಮವ್ವ ಸಖೂಬಾಯಿ ಕಾಕುಗೆ ಮೊಣಕಾಲು ನೋವು ಎಂಬಲ್ಲಿಯವರೆಗೆ ಓದಿದೆ. ಎಳ್ಳೆಣ್ಣೆ ಹಚ್ಚಲು ಬರಿ ಎಂದು ಅಪ್ಪಣೆ ಮಾಡಿ ಎದ್ದು ಹೋದರು. ಬರೆದಿದ್ದೇನೆ, ಹಚ್ಚಿರಿ.

ಫೋನಿನಲ್ಲಿ ಮಾತಾಡಿದರೆ ಸಾಲದೇ ಎಂದು ಕೇಳಿದ್ದೀ. ನಿನಗೆ ಸಾಲುತ್ತದೆ, ನನ್ನ ನೌಕರಿಗೆ ಸಾಲುವುದಿಲ್ಲ. ಈ ಊರಿನ ಅಂಚೆಮನೆಗೆ ಎಷ್ಟು ಕಾಗದ ಬರುತ್ತವೆ ಎಂದು ಮೇಲಿನವರು ನೋಡುತ್ತಾರೆ. ಕಡಿಮೆಯಾದರೆ ಬಾಗಿಲಿಗೆ ಬೀಗ. ಆದ್ದರಿಂದ ವಿಜಯಪುರದಲ್ಲಿ ಕಂಪ್ಯೂಟರ್ ಕಲಿಸುವ ಬಾಯಿಯವರು ಘೋಣಸಗಿಯ ಪೋಸ್ಟ್ ಬಾಯಿಗೆ ಕಾಗದ ಬರೆಯುತ್ತಲೇ ಇರಬೇಕು.

ಪಂಚಮಿಗೆ ನೀನು ಬಂದು ನಮ್ಮಜ್ಜಿ ಆಯಿಯ ದನಿಯನ್ನು ಆಟಕ್ಕೆಂದು ಹಿಡಿದುಕೊಂಡು ಹೋದದ್ದೇ ಈಗ ಊರ ಸುದ್ದಿ. ತನ್ನ ಸೆರಗಿಗೆ ನೀನು ಸಿಕ್ಕಿಸಿದ ಆ ಕರೀ ಗುಂಡಿಯಂಥ ಮೈಕನ್ನು ನಿನ್ನ ಕಿವಿಯ ಮಷೀನು ಎಂದು ತಿಳಿದಿದ್ದಾಳೆ. "ಪಾಪ, ಇಷ್ಟ ಸಣ್ಣ ವಯಸ್ಸಿಗೆ ಕಿವಿ ಮಂದ ಆಗ್ಯಾವು. ಕೇಳಿದ್ದನ್ನ ಐದೈದು ಸಲ ಕೇಳ್ತಾಳ" ಎಂದು ಪಕ್ಕದ ಮನೆಯ ಪೀರಾಂಬಿಗೆ ಹೇಳಿದಳಂತೆ. ಪೀರಾಂಬಿ ದ್ರಾಕ್ಷಿ ತೋಟದಲ್ಲೆಲ್ಲ ಹೇಳಿಬಿಟ್ಟಿದ್ದಾಳೆ. ಮುಂದಿನ ಸಲ ಬಂದಾಗ ಎಲ್ಲರೂ ನಿನ್ನ ಕೂಡ ಒದರಿ ಮಾತಾಡುತ್ತಾರೆ, ಸಿಟ್ಟಾಗಬೇಡ.

ಈಗ ಮುಖ್ಯ ಮಾತು. ಫೋನಿನಲ್ಲಿ ನಾವು ಮಾಡುವ ಚೌಕಾಬಾರಾದಲ್ಲಿ ಕವಡಿ, ಬಣ್ಣ, ಕಾಯಿ ಹೇಗಾದರೂ ಇರಲಿ. ಕಡೀ ಆಟ ಮಾತ್ರ ನಮ್ಮ ಅಂಗಳದಲ್ಲಿ ಇದ್ದ ಹಾಗೆಯೇ ಇರಬೇಕು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಗಳು ಸೋತ ಮುಖ ಹೊತ್ತು ಹೋಗಬಾರದು. ಅದಕ್ಕೇ ಎಷ್ಟು ಆಟ ಸೋತರೂ ಕೊನೆಗೆ ಆಯಿ ಕರೆದು ಕೂಡಿಸುತ್ತಾಳೆ, "ಸೋತು ಏಳಬಾರದವ್ವ, ಇನ್ನೊಂದಾಟ ಕುಂಡ್ರು." ಆಯಿ ಹಾಗೆಂದ ಮೇಲೆ ಉಳಿದವರೆಲ್ಲ ಬಾಯಿ ಬಿಡದೆ ಸೋಲಬೇಕು. ಸೋತಾಕಿಗೆ ಅದು ತಿಳಿಯಲೂ ಬಾರದು. ಕಾಲೇಜಿನ ಎರಡನೆಯ ವರ್ಷ ನೀನು ನಾಲ್ಕು ಆಟ ಸೋತು ಮೂಗು ಕೆಂಪಗೆ ಮಾಡಿಕೊಂಡಿದ್ದೆ. ಐದನೆಯದನ್ನು ಗೆದ್ದು ಅಂಗಳದ ತುಂಬ ಕುಣಿದೆ. ಪೀರಾಂಬಿ ಹಣ್ಣಾಗುವ ತನ್ನ ಕಾಯಿಯನ್ನು ತಂದು ನಿನ್ನ ಕಾಯಿಯ ಬಾಯಿಗೆ ಇಟ್ಟಿದ್ದಳು ಎಂದು ನಾನು ಹೇಳುವ ತನಕ ನಿನಗೆ ಗೊತ್ತೇ ಇರಲಿಲ್ಲ.

ಫೋನೂ ಹಾಗೆಯೇ ಸೋಲಬೇಕು. ಮಾಡಲು ಬರುತ್ತದೆಯೇ, ಬರೆ.

ಉತ್ತರದ ದಾರಿ ನೋಡುವ ನಿನ್ನ
ಸೌಭಾಗ್ಯ


ವಿಜಯಪುರ
2 ಸೆಪ್ಟೆಂಬರ್ 2022

ಪ್ರೀತಿಯ ಸೌಭಾಗ್ಯ,

ಫೋನು ಸೋಲುತ್ತದೆ. ಹನ್ನೊಂದು ಸಾಲು ಕೋಡ್ ಬರೆಯಬೇಕಾಯಿತು, ಅಷ್ಟೇ. ನಾಲ್ಕು ಆಟ ಸತತವಾಗಿ ಸೋತವರಿಗೆ ಆಯಿಯ ದನಿ ಬರುತ್ತದೆ. ಆಮೇಲೆ ಫೋನು ತನ್ನ ಕಾಯಿಗಳನ್ನು ತಾನೇ ತಂದು ಕೊಡುತ್ತದೆ. ನಮ್ಮಪ್ಪನ ಮೇಲೆ ಪ್ರಯೋಗ ಮಾಡಿದೆ. ಗೆದ್ದು, ಸಿದ್ಧೇಶ್ವರ ಗುಡಿಯ ಮುಂದೆ ಸಂಜೆ ಕೂಡುವ ತಮ್ಮ ಪೆನ್ಶನ್ ಗೆಳೆಯರಿಗೆಲ್ಲ ಹೇಳಿ ಬಂದರು. ನಿಜ ಹೇಳುವ ಧೈರ್ಯ ನನಗಿಲ್ಲ.

ಇನ್ನೊಂದು ವಿಷಯ ನಿನ್ನನ್ನೂ ಆಯಿಯನ್ನೂ ಕೇಳಬೇಕು. ಈ ಆಟ ಕಟ್ಟಲು ನಾವು ಬಳಸಿದ್ದೆಲ್ಲ ಓಪನ್ ಸೋರ್ಸ್. ಯಾವ ಯಾವ ದೇಶದವರೋ ಬರೆದು, ಹೇಗೆ ಬರೆದೆವು ಎಂಬುದನ್ನೂ ತೆರೆದಿಟ್ಟು, ಪುಕ್ಕಟೆ ಕೊಟ್ಟದ್ದು. ಹಾಗೆ ಪಡೆದ ನಾವೂ ಹಾಗೆಯೇ ಕೊಡೋಣ ಎಂದು ನನಗನಿಸುತ್ತದೆ. ಜೊತೆಗೆ ಒಂದು ಹಾಳೆ ಹಚ್ಚುತ್ತೇವೆ, ಅದೇ ಲೈಸೆನ್ಸ್. ಯಾರಾದರೂ ಒಯ್ಯಬಹುದು, ತಿದ್ದಬಹುದು, ಬೇಕಾದರೆ ಮಾರಲೂಬಹುದು. ಒಂದೇ ಷರತ್ತು, ಏನು ತಿದ್ದಿದರು, ಯಾರು ತಿದ್ದಿದರು ಎಂಬುದನ್ನು ಅವರೂ ತೆರೆದಿಡಬೇಕು.

ಹಾಗಾದರೆ ಹೊಟ್ಟೆಗೇನು ಎಂದು ನೀನು ಕೇಳುತ್ತೀ. ಆಟ ಪುಕ್ಕಟೆ, ಆಟದ ಚಾಕರಿಗೆ ಕೂಲಿ. ಒಂದು ಸಾಲಿಯವರಿಗೆ ತಮ್ಮ ಹೆಸರು ಹಾಕಿ ಬೇಕು, ಮತ್ತೊಬ್ಬರಿಗೆ ಬೇರೆ ಬಣ್ಣ ಬೇಕು, ಅದನ್ನು ಮಾಡಿಕೊಟ್ಟು ದುಡಿಯುವುದು. ಅವ್ವನಿಗೆ ಇದನ್ನು ತಿಳಿಸಿ ಹೇಳಿದೆ. "ಅಂದ್ರ ಅಡಗಿ ಪುಕ್ಕಟೆ ನೀಡಿ, ಭಾಂಡೆ ತಿಕ್ಕಾಕ ರೊಕ್ಕ ಕೇಳಾಕಿ ನೀನು" ಎಂದಳು. ಇದಕ್ಕಿಂತ ಚೆನ್ನಾಗಿ ನನ್ನ ವಿದ್ಯಾರ್ಥಿಗಳಿಗೂ ಹೇಳಲಾರೆ.

ಆಯಿಯ ದನಿಯನ್ನೂ ಅದೇ ಹಾಳೆಯ ಕೆಳಗೆ ಇಡಲೇ? ಕೇಳಿ ತಿಳಿಸು.

ಎಳ್ಳೆಣ್ಣೆಯ ವಾಸನೆಯ ಮನೆಯಿಂದ,
ರೂಪಾಲಿ


ಘೋಣಸಗಿ
20 ಸೆಪ್ಟೆಂಬರ್ 2022

ರೂಪಿ,

ಆಯಿಗೆ ನಿನ್ನ ಹಾಳೆಯ ಮಾತು ಓದಿ ಹೇಳಿದೆ. ಶೇಂಗಾ ಸುಲಿಯುತ್ತ ಕೇಳಿಸಿಕೊಂಡಳು. ಇದರಲ್ಲಿ ಕೇಳುವುದೇನಿದೆ ಎಂಬುದು ಅವಳ ಪ್ರಶ್ನೆ. "ನಾ ಹೇಳಿದ ಕತಿ ಬಬಲೇಶ್ವರದಾಗ ಯಾರೋ ತನ್ನ ಮಕ್ಕಳಿಗಿ ಹೇಳ್ಯಾಳಂದ್ರ ನಾ ಹೋಗಿ ಜಗಳಾ ತಗೀಲೇನು? ನಮ್ಮತ್ತಿ ಕಡಿಂದ ನಾ ತಗೊಂಡೆ, ಆಕಿ ಯಾರ ಕಡಿಂದ ತಗೊಂಡಿದ್ಲೋ. ಒಯ್ಯಲಿ."

ಸಾಕ್ಷರತೆಯ ಸಾಲಿಯಲ್ಲಿ ಕಲಿತ ಅಕ್ಷರಗಳಲ್ಲಿ ಸಹಿ ಮಾಡಿದ್ದಾಳೆ, ಇದರ ಜೊತೆ ಇದೆ. ಶಂಕ್ರೆವ್ವ ಎಂಬಲ್ಲಿ ಒಂದು ಒತ್ತು ಹೆಚ್ಚಾಗಿದೆ. ತಿದ್ದಲು ಹೋದರೆ ನನ್ನ ಕೈಗೆ ಹೊಡೆದಳು.

ಅವಳದೂ ಒಂದು ಷರತ್ತಿದೆ. ಕಡೀ ಆಟ ತೆಗೆಯಬಾರದು. ತೆಗೆದರೆ ತನ್ನ ಮಾತು ಸುಳ್ಳಾಗುತ್ತದೆ, ಕೂಡು ಎಂದು ಕರೆದು ಕೂಡಿಸಿ ಮತ್ತೆ ಸೋಲಿಸಿದರೆ ಅದು ಮನೆತನಸ್ಥರ ಲಕ್ಷಣವಲ್ಲ ಎಂದಳು. ಆಯಿ, ರೂಪಿ ಹನ್ನೊಂದು ಸಾಲು ಬರೆದಿದ್ದಾಳೆ, ಅವು ಎಲ್ಲಿಗೂ ಹೋಗುವುದಿಲ್ಲ ಎಂದು ನಿನ್ನ ಪರವಾಗಿ ನಾನು ಮಾತು ಕೊಟ್ಟಿದ್ದೇನೆ.

ಅಂಚೆಮನೆಯ ಸೀಲಿನ ಜೊತೆ ನನ್ನ ಸಹಿ,
ಸೌಭಾಗ್ಯ


ವಿಜಯಪುರ
17 ಮಾರ್ಚ್ 2023

ಪ್ರೀತಿಯ ಸೌಭಾಗ್ಯ,

ಇಷ್ಟು ದಿನ ಬರೆಯಲಿಲ್ಲ, ಬೈಯಬೇಡ. ಆಟದಿಂದ ಮೊದಲ ದುಡಿಮೆ ಬಂದಿದೆ. ಬಬಲೇಶ್ವರದ ನಂದಕಿಶೋರ ಎಂಬುವರು ಹುಡುಕಿಕೊಂಡು ಕಾಲೇಜಿಗೆ ಬಂದಿದ್ದರು. ಇಂಥ ಆಟಗಳನ್ನು ಒಯ್ದು ತಿದ್ದಿ ಮಾರುವ ಕೆಲಸ ಅವರದು. ನಮ್ಮ ಚೌಕಾಬಾರಾವನ್ನು ತಮ್ಮ ಹೆಸರಿನಲ್ಲಿ ತರುತ್ತಾರಂತೆ. ಸಣ್ಣಪುಟ್ಟ ಬದಲಾವಣೆ ಕೇಳಿದರು, ಮಾಡಿಕೊಟ್ಟೆ. ಇನ್ನು ತಿಂಗಳಾ ತಿಂಗಳಾ ಅದನ್ನು ನೋಡಿಕೊಳ್ಳುವ ಕೆಲಸವೂ ನನ್ನದೇ. ನಿನ್ನ ಪಾಲು ಬೇರೆ ತೆಗೆದಿಟ್ಟಿದ್ದೇನೆ, ಬೇಡ ಎನ್ನಬೇಡ.

ಏನೇನು ಬದಲಾಯಿಸಿದೆ ಎಂದು ಬರೆಯುತ್ತ ಕೂತರೆ ನಿನಗೆ ಬೇಸರ. ಆಯಿಯ ದನಿಯನ್ನು ಅವರು ಬಹಳ ಮೆಚ್ಚಿದರು. ಅದನ್ನು ಮಾತ್ರ ಮುಟ್ಟಬಾರದು ಎಂದರು. ಆಯಿಗೆ ಹೇಳು.

ಪರೀಕ್ಷೆಯ ಕಾಗದಗಳ ರಾಶಿಯ ನಡುವಿನಿಂದ,
ರೂಪಾಲಿ


ಘೋಣಸಗಿ
26 ಫೆಬ್ರುವರಿ 2024

ರೂಪಿ,

ವರ್ಷವಾಯಿತು ನೀನು ಬರೆದು. ಫೋನಿನಲ್ಲಿಯೂ ನಾಲ್ಕು ಮಾತು ಆಡಿ ಇಡುತ್ತೀ. ಪಂಚಮಿಗೂ ಬರಲಿಲ್ಲ. ಇರಲಿ.

ಒಣದ್ರಾಕ್ಷಿ ಶೆಡ್ಡಿನಲ್ಲಿ ಈಗ ಹೆಂಗಸರು ಬುತ್ತಿ ಉಂಡ ಮೇಲೆ ಫೋನು ತೆಗೆದು ಕೂಡುತ್ತಾರೆ. ಮೊನ್ನೆ ಆಯಿಯ ಔಷಧಕ್ಕೆಂದು ತಿಕೋಟಾಕ್ಕೆ ಹೋಗುವಾಗ ಶೆಡ್ಡಿನ ಮುಂದಿನಿಂದ ಹಾದೆ. ಒಳಗಿನಿಂದ ಆಯಿಯ ದನಿ. ಆಯಿ ಮನೆಯಲ್ಲಿ ಹೊದ್ದು ಮಲಗಿದ್ದಳು, ನಾನು ಒಂದು ಗಳಿಗೆ ನಿಂತುಬಿಟ್ಟೆ. ನೋಡಿದರೆ ಪೀರಾಂಬಿ. ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಕ್ಕಳು. "ಏನ ಮಾಡ್ಲಿ ಸೌಭಾಗ್ಯಾ, ನಿಮ್ಮಾಯಿ ಏಳಗೊಡವಲ್ಲಳು."

ಬಣ್ಣ ಬೇರೆ, ಹೆಸರು ಬೇರೆ, ಆದರೆ ಆಟದ ಕಟ್ಟೆ, ಅದರ ಮನೆಗಳು ನಮ್ಮವೇ, ಕವಡಿ ಬೀಳುವ ಸಪ್ಪಳವೂ ನಮ್ಮ ಅಂಗಳದ್ದೇ. ಅದರಲ್ಲಿ ರೊಕ್ಕ ಹಚ್ಚಿ ಆಡುತ್ತಾರೆ. ಸೋತರೆ ಆಯಿ ಕರೆಯುತ್ತಾಳೆ, ಕೂತರೆ ಮತ್ತೆ ಸೋಲು. ಕಡೀ ಆಟ ಇಲ್ಲ, ರೂಪಿ. ನಾನು ನಿಂತು ನೋಡಿದೆ. ಪೀರಾಂಬಿ ಆರು ಆಟ ಸೋತಳು, ಆರು ಸಲವೂ ಆಯಿ ಕರೆದಳು. ಆಯಿ ಕರೆದ ಮೇಲೆ ಗೆಲುವು ಇದ್ದೇ ಇದೆ ಎಂದು ಪೀರಾಂಬಿ ನಂಬಿದ್ದಾಳೆ. ನಮ್ಮ ಅಂಗಳದಲ್ಲಿ ಮೂವತ್ತು ವರ್ಷ ಆಡಿದಾಕಿ, ನಂಬದೆ ಏನು ಮಾಡುತ್ತಾಳೆ?

ಇದು ನಿನ್ನ ನಂದಕಿಶೋರನದೇ ಏನು? ನಿಲ್ಲಿಸಲು ಬರುತ್ತದೆಯೇ?

ಬೇಗ ಬರೆಯಬೇಕೆಂದು ಕೇಳುವ,
ಸೌಭಾಗ್ಯ


ವಿಜಯಪುರ
11 ಮಾರ್ಚ್ 2024

ಸೌಭಾಗ್ಯ,

ಅದು ನಮ್ಮ ಆಟವಲ್ಲ. ನಮ್ಮದನ್ನು ಒಯ್ದು ಬೇರೆಯವರು ಮಾಡಿಕೊಂಡದ್ದು. ಲೈಸೆನ್ಸ್ ಪ್ರಕಾರ ಅವರು ಒಯ್ಯಬಹುದು, ಅದರಲ್ಲಿ ನಾವು ಮಾಡುವಂಥದ್ದು ಬಹಳ ಇಲ್ಲ. ಪೀರಾಂಬಿಗೆ ತಿಳಿಸಿ ಹೇಳು, ಆಡಬೇಡ ಎನ್ನು. ನಮ್ಮ ಆಟವನ್ನೇ ಅವಳ ಫೋನಿಗೆ ಹಾಕಿಕೊಡು, ಅದರಲ್ಲಿ ಎಲ್ಲ ಮೊದಲಿನ ಹಾಗೆಯೇ ಇದೆ.

ಪರೀಕ್ಷೆಗಳು ಹತ್ತಿರ ಬಂದಿವೆ. ಆಮೇಲೆ ಸವಿಸ್ತಾರ ಬರೆಯುತ್ತೇನೆ.

ರೂಪಾಲಿ


ಘೋಣಸಗಿ
3 ಮೇ 2024

ರೂಪಾಲಿ,

ಪೀರಾಂಬಿ ಹೋದಳು. ಏಪ್ರಿಲ್ ಇಪ್ಪತ್ತನೆಯ ತಾರೀಖು, ಶನಿವಾರ. ದ್ರಾಕ್ಷಿ ತೋಟದ ನೀರಿನ ಹೊಂಡದ ದಂಡೆಯ ಮೇಲೆ ಅವಳ ಚಪ್ಪಲಿ ಮತ್ತು ಫೋನು ಇದ್ದವು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಮಗಳು ಶಬನಮಳನ್ನು ನರ್ಸಿಂಗ್ ಕಲಿಸಬೇಕೆಂದು ಅವಳು ನಮ್ಮ ಅಂಚೆಮನೆಯ ಪುಸ್ತಕದಲ್ಲಿ ಕೂಡಿಡುತ್ತಿದ್ದಳು. ನಿನಗೂ ಗೊತ್ತು, ವಾರಕ್ಕೊಮ್ಮೆ ಹೂವು ಮುಡಿದುಕೊಂಡು ಬರುತ್ತಿದ್ದಳು, ಬ್ಯಾಂಕಿಗೆ ಹೊರಟ ಸಾಹುಕಾರ್ತಿಯ ಹಾಗೆ. ಅದರಲ್ಲಿ ಈಗ ಏನೂ ಇಲ್ಲ. ರೊಕ್ಕ ತೆಗೆಯುವ ಚೀಟಿಗಳ ಮೇಲೆ ಸೀಲು ಹೊಡೆದವಳು ನಾನು. ಹನ್ನೆರಡು ಚೀಟಿ. ಮಗಳ ಫೀಸಿಗೆ ಎನ್ನುತ್ತಿದ್ದಳು. ಫೀಸು ತುಂಬುವ ಕಾಲ ಇನ್ನೂ ಬಂದಿರಲಿಲ್ಲ, ಅದು ನನಗೆ ತಿಳಿಯಬೇಕಿತ್ತು.

ಮೂರನೆಯ ದಿನದ ಜಿಯಾರತ್ತಿನ ಪ್ರಾರ್ಥನೆಗೆ ಊರೆಲ್ಲ ಅವರ ಅಂಗಳದಲ್ಲಿ ಕೂಡಿತ್ತು. ಆಯಿಯೂ ಗೋಡೆಗೆ ಆನಿಕೊಂಡು ಕೂತಿದ್ದಳು. ಸೊಲ್ಲಾಪುರದ ಬಳಗದವರಿಗೆ ತಿಳಿಸಬೇಕಿತ್ತು. ಅವರ ನಂಬರು ಹುಡುಕಲು ಶಬನಮ ತಾಯಿಯ ಫೋನಿಗೆ ಚಾರ್ಜು ಹಚ್ಚಿ ಚಾಲೂ ಮಾಡಿದಳು. ಎರಡು ದಿನದಿಂದ ಆಡದವರನ್ನು ಅದು ತಾನೇ ಕರೆಯುತ್ತದಂತೆ. ಅಷ್ಟು ಜನರ ನಡುವೆ ಫೋನು ಆಯಿಯ ದನಿಯಲ್ಲಿ ಹೇಳಿತು, "ಸೋತು ಏಳಬಾರದವ್ವ, ಇನ್ನೊಂದಾಟ ಕುಂಡ್ರು."

ಎಲ್ಲರೂ ಆಯಿಯ ಕಡೆಗೆ ತಿರುಗಿ ನೋಡಿದರು. ಆಯಿಯ ಬಾಯಿ ಮುಚ್ಚಿಯೇ ಇತ್ತು. ಒಬ್ಬೊಬ್ಬರಾಗಿ ಅವಳ ಹತ್ತಿರದಿಂದ ಎದ್ದು ಆಚೆ ಹೋಗಿ ಕೂತರು.

ಆವತ್ತಿನಿಂದ ಊರಲ್ಲಿ ಒಂದೇ ಮಾತು, ಶಂಕ್ರೆವ್ವ ಕಂಪನಿಯವರ ಕಡೆಯಿಂದ ರೊಕ್ಕ ತಗೊಂಡು ಹೆಂಗಸರನ್ನು ಕರೆಯುತ್ತಾಳೆ. ನೀನು ಅವಳ ಸೆರಗಿಗೆ ಸಿಕ್ಕಿಸಿದ ಗುಂಡಿ ನೆನಪಿದೆ ಎಲ್ಲರಿಗೂ. ಹಿಟ್ಟಿನ ಗಿರಣಿಯಲ್ಲಿ ಅವಳ ಡಬ್ಬಿ ಎಲ್ಲರಿಗಿಂತ ಹಿಂದೆ ಸರಿಯುತ್ತದೆ. ಕತೆ ಕೇಳಲು ಬರುತ್ತಿದ್ದ ಮಕ್ಕಳನ್ನು ತಾಯಂದಿರು ಕಳಿಸುವುದಿಲ್ಲ. ಆಯಿ ನನ್ನ ಕೂಡವೂ ಮಾತು ಬಿಟ್ಟಿದ್ದಾಳೆ. ನೀರು ಬೇಕಾದರೆ ತಂಬಿಗೆ ತೋರಿಸುತ್ತಾಳೆ.

ನಾನು ತಿಕೋಟಾದ ಕಂಪ್ಯೂಟರ್ ಅಂಗಡಿಗೆ ಹೋಗಿ ಕೂತು ಆ ಆಟದ ತೆರೆದಿಟ್ಟ ಸಾಲುಗಳನ್ನು ನೋಡಿದೆ. ನಿನ್ನ ಷರತ್ತು ಅವರು ಪಾಲಿಸಿದ್ದಾರೆ. ಯಾವ ದಿನ ಯಾರು ಏನು ತಿದ್ದಿದರು, ಎಲ್ಲ ಹೆಸರು ಸಹಿತ ಇದೆ. ಕಡೀ ಆಟದ ಹನ್ನೊಂದು ಸಾಲು ತೆಗೆದವರ ಹೆಸರೂ ಇದೆ.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನೀನೇ ಬರೆ.

ಸೌಭಾಗ್ಯ


ಘೋಣಸಗಿ
14 ಜೂನ್ 2024

ರೂಪಾಲಿ,

ಆರು ವಾರವಾಯಿತು. ಆಯಿ ಮಗ್ಗುಲಾಗಿ ಮಲಗಿಯೇ ಇರುತ್ತಾಳೆ. ನಿನ್ನೆ ಬಾಯಿ ಬಿಟ್ಟು ಒಂದೇ ಮಾತು ಕೇಳಿದಳು, "ನಾ ಏನು ತಪ್ಪು ಹೇಳೀನಿ?" ನನಗೆ ಉತ್ತರ ಗೊತ್ತಿತ್ತು. ಆದರೆ ಹೇಳಬೇಕಾದವಳು ನಾನಲ್ಲ.

ಸೌಭಾಗ್ಯ


ವಿಜಯಪುರ
8 ಜುಲೈ 2024

ಸೌಭಾಗ್ಯ,

ತೆಗೆದವಳು ನಾನೇ. 2023ರ ಫೆಬ್ರುವರಿ 21. ಹತ್ತು ನಿಮಿಷದ ಕೆಲಸ.

ಐದು ಸಲ ಈ ಕಾಗದ ಬರೆದು ಹರಿದಿದ್ದೇನೆ. ಪ್ರತಿಸಲವೂ ಮೊದಲು ಕಾರಣಗಳೇ ಬರುತ್ತಿದ್ದವು. ಈ ಸಲ ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಂದಕಿಶೋರ ಬಂದು, ಸೋತವರನ್ನು ಆಟವೇ ಗೆಲ್ಲಿಸಿದರೆ ಅದು ಆಟವಲ್ಲ, ಅದನ್ನು ತೆಗೆಯಬೇಕು ಎಂದ. ನನಗೂ ಅದು ಸರಿಯೇ ಅನಿಸಿತು. ಹಾಗಾದರೆ ಅಜ್ಜಿಯ ಮಾತನ್ನೂ ತೆಗೆಯಲೇ ಎಂದು ಕೇಳಿದೆ. "ಅಜ್ಜಿ ಇರ್ಲಿ ಮೇಡಮ್. ಜನ ಆಕಿ ಮಾತಿಗೇ ಕುಂಡ್ರತಾರ" ಎಂದ. ಆಗ ರೊಕ್ಕದ ಮಾತು ಇರಲಿಲ್ಲ, ಇದು ಸತ್ಯ. ಆದರೆ ಅದೇ ವರ್ಷ ಜೂನಿನಲ್ಲಿ ರೊಕ್ಕ ಹಚ್ಚುವ ಭಾಗ ಸೇರಿಸಿ ಕೊಡು ಎಂದ. ಅದು ನನ್ನಿಂದಾಗದು, ಬೇರೆಯವರಿಂದ ಮಾಡಿಸಿರಿ ಎಂದೆ. ಬೇರೆಯವನು ಬಂದಾಗ ಆಟ ಹೇಗೆ ಕಟ್ಟಿದ್ದೇವೆ ಎಂದು ಒಂದು ತಿಂಗಳು ಅವನಿಗೆ ಕಲಿಸಿದವಳು ನಾನು. ಆಮೇಲೆ ಹತ್ತು ತಿಂಗಳು ಅದು ಕೆಡದ ಹಾಗೆ ನೋಡಿಕೊಂಡು ಪಗಾರ ತೆಗೆದುಕೊಂಡೆ. ಈ ಫೆಬ್ರುವರಿಯಲ್ಲಿ ನೀನು ಪೀರಾಂಬಿಯ ವಿಷಯ ಬರೆದಾಗ ನನಗೆ ಎಲ್ಲ ಗೊತ್ತಿತ್ತು. ಅದು ನಮ್ಮ ಆಟವಲ್ಲ ಎಂದು ಬರೆದೆ.

ಆಯಿಯ ದನಿಗೆ ಬೇರೆ ಹಾಳೆ ಬರೆಯಬಹುದಿತ್ತು. ಆಟ ಎಲ್ಲರದು, ದನಿ ಅವಳದು ಎಂದು. ಎಷ್ಟೋ ಜನ ಹಾಗೆ ಮಾಡುತ್ತಾರೆ. ನಾನು ಒಂದೇ ಹಾಳೆ ಹಚ್ಚಿ ಮುಗಿಸಿದೆ.

ಕಳೆದ ಭಾನುವಾರ ಬಬಲೇಶ್ವರಕ್ಕೆ ನಂದಕಿಶೋರನ ಮನೆಗೆ ಹೋಗಿದ್ದೆ. ಅವನ ತಾಯಿ ಚಹಾ ಕೊಟ್ಟರು. ಅವನು ಮೊದಲಿನಷ್ಟೇ ಮರ್ಯಾದೆಯಿಂದ ಮಾತಾಡಿದ. ಪೀರಾಂಬಿಯ ಸುದ್ದಿ ಕೇಳಿ ತಲೆ ಕೆಳಗೆ ಹಾಕಿದ, ನಾಟಕ ಮಾಡಿದನೆಂದು ಅನಿಸಲಿಲ್ಲ. ಆ ದನಿಯನ್ನಾದರೂ ತೆಗೆದುಬಿಡಿ ಎಂದು ಕೈ ಮುಗಿದೆ. "ಅದು ನನ್ನ ಕೈಯಾಗ ಇಲ್ರೀ. ನಾ ಮಾರಿ ಎರಡು ತಿಂಗಳ ಮ್ಯಾಲಾತು. ಅವರು ಇನ್ನ್ಯಾರಿಗೋ ಮಾರ್ಯಾರ, ಆರೇಳು ಆಟದಾಗ ಐತಂತ ಈಗ. ಯಾರರೆ ಒಯ್ಯಲಿ ಅಂತ ಬರದಾಕಿ ನೀವ ಅಲ್ರೀ?"

ಎದ್ದು ಬಂದೆ.

ಆವತ್ತು ನಿಮ್ಮ ಅಂಗಳದಲ್ಲಿ ಪೀರಾಂಬಿ ತನ್ನ ಕಾಯಿ ತಂದು ನನಗೆ ಕೊಟ್ಟಿದ್ದಳು. ಹನ್ನೊಂದು ಸಾಲು ಅಳಿಸುವಾಗ ಅದು ನೆನಪಾಗಲಿಲ್ಲವೇ ಎಂದು ನೀನು ಕೇಳಬಹುದು. ನೆನಪಾಗಿತ್ತು.

ನಾನು ಏನು ಮಾಡಲಿ, ಹೇಳು.

ರೂಪಾಲಿ


ಘೋಣಸಗಿ
15 ಜುಲೈ 2024

ರೂಪಾಲಿ,

ನಿನ್ನ ಕಾಗದವನ್ನು ಆಯಿಗೆ ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಹೊರಳಿ ಎದ್ದು ಕೂತಳು. ಕಡೀ ಆಟ ಯಾಕಿದೆ ಎಂಬುದು ಆ ಹುಡುಗಿಗೆ ಗೊತ್ತಿತ್ತೋ ಇಲ್ಲವೋ ಎಂದು ಕೇಳಿದಳು. ಗೊತ್ತಿತ್ತು ಎಂದೆ. ಆಮೇಲೆ ಅವಳು ಹೇಳಿದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ.

"ಆಕಿ ಬಂದು ನನ್ನ ಮುಂದ ಅಳೂದು ಬ್ಯಾಡ. ಅತ್ರ ಸಮಾಧಾನ ಮಾಡಾಕಿ ನಾನ ಆಗಬೇಕಾಗತೈತಿ. ಪೀರಾಂಬಿ ಅಂಗಳದಾಗ ನಿಂತು ಹೇಳಲಿ. ಶಬನಮನ ಮುಂದ."

ನಿನ್ನ ನೌಕರಿ, ನಿಮ್ಮಪ್ಪನ ಮರ್ಯಾದೆ, ಪೊಲೀಸರ ಭಯ, ಇವೆಲ್ಲ ಇವೆ ಎಂದು ನನಗೆ ಗೊತ್ತು. ಊರ ಮುಂದೆ ಆಯಿಯ ಹೆಸರು ಒಂದಿತ್ತು. ಈಗಿಲ್ಲ. ಅದನ್ನು ತಿರುಗಿ ಕೊಡುವುದು ನಿನ್ನೊಬ್ಬಳಿಂದಲೇ ಆಗುವ ಕೆಲಸ.

ಜುಲೈ 28, ಭಾನುವಾರ. ಹತ್ತು ಗಂಟೆಯ ಬಸ್ಸಿಗೆ ಬಾ.

ಸೌಭಾಗ್ಯ


ಘೋಣಸಗಿ
2 ಸೆಪ್ಟೆಂಬರ್ 2024

ರೂಪಾಲಿ,

ಆವತ್ತು ನೀನು ಬಂದೆ, ಅದನ್ನು ಇಲ್ಲ ಎನ್ನುವುದಿಲ್ಲ. ಬಾರದೇ ಇದ್ದರೆ ಏನು ಮಾಡಬೇಕೆಂದು ಯೋಚಿಸಿಕೊಂಡೇ ನಾನು ಬಸ್ಸಿಗೆ ನಿಂತಿದ್ದೆ.

ಪೀರಾಂಬಿಯ ಅಂಗಳದಲ್ಲಿ ಅರ್ಧ ಊರು ಕೂಡಿತ್ತು. ನೀನು ಎಲ್ಲವನ್ನೂ ಹೇಳಿದೆ, ಕಾಗದದಲ್ಲಿ ಬರೆದ ಹಾಗೆಯೇ, ನಿನ್ನನ್ನು ಉಳಿಸಿಕೊಳ್ಳುವ ಒಂದು ಮಾತೂ ಇಲ್ಲದೆ. ಶಬನಮ ಕೇಳಿದ ಪ್ರಶ್ನೆ ನಿನಗೆ ನೆನಪಿದ್ದೇ ಇರುತ್ತದೆ. ಹಾಗಾದರೆ ಆ ದನಿ ಈಗ ನಿಲ್ಲುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದೆ. "ಮತ್ತ ಬಂದು ಏನು ಮಾಡಿದ್ರಿ?" ಎಂದಳು. ನೀನು ಹೋದ ಮೇಲೆ ಆ ಹುಡುಗಿ ಅಳಲೂ ಇಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು.

ನೀನು ಹೇಳಿದ್ದರಿಂದ ಕೆಲವು ಹೆಂಗಸರು ಆಯಿಯ ಕಡೆಗೆ ಮತ್ತೆ ಬರುತ್ತಾರೆ. ಗಿರಣಿಯಲ್ಲಿ ಡಬ್ಬಿ ತನ್ನ ಪಾಳಿಗೆ ಬರುತ್ತದೆ. ಪಂಚಮಿಗೆ ಮಾತ್ರ ಯಾರೂ ಕಟ್ಟೆ ಬರೆಯಲಿಲ್ಲ, ಕವಡಿ ತೆಗೆಯಲಿಲ್ಲ. ನಿನ್ನನ್ನು ಕಾಲೇಜಿನಿಂದ ತೆಗೆದರೆಂದು ಕೇಳಿದೆ. ಪೊಲೀಸರು ನನ್ನನ್ನೂ ಕರೆದು ಚೀಟಿಗಳ ವಿಷಯ ಕೇಳಿದರು. ಇದ್ದದ್ದನ್ನು ಹೇಳಿದೆ.

ಇದನ್ನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಶಬನಮ ಈಗ ತಿಕೋಟಾದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ನಿನ್ನೆ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಇಮಾಮಬಿ ಎಂದು ಹೆಸರು, ಬಬಲೇಶ್ವರ ಕಡೆಯ ಜೈನಾಪುರದಾಕಿ, ತಂಗಿಯ ಮನೆಗೆ ಬಂದವಳು. ಸೀರೆ ಆರಿಸುವುದು ಬಿಟ್ಟು ಮೂಲೆಯಲ್ಲಿ ಫೋನು ಹಿಡಿದು ಕೂತಿದ್ದಳು. ಶಬನಮಳಿಗೆ ಆಯಿಯ ದನಿ ಕೇಳಿಸಿತು. ಕೈಯಲ್ಲಿದ್ದ ಬಟ್ಟೆ ಇಟ್ಟು ಹೋಗಿ ಹೇಳಿದಳಂತೆ, ಈ ಅಜ್ಜಿ ನಮ್ಮ ಪಕ್ಕದ ಮನೆಯಾಕಿ, ನಿಮ್ಮ ಕೂಡ ಮಾತಾಡಬೇಕಂತೆ, ಬರ್ರಿ. ಮಾಲಕನಿಗೆ ಏನು ಹೇಳಿದಳೋ, ಇಮಾಮಬಿಯ ಕೈ ಹಿಡಿದು ಬಸ್ಸು ಹತ್ತಿಸಿಕೊಂಡು ನಮ್ಮ ಮನೆಗೆ ಕರೆತಂದಳು.

ಆಯಿ ಎದ್ದು ಬಂದು ಇಮಾಮಬಿಯ ಗದ್ದ ಹಿಡಿದಳು. ಇನ್ನು ಸಾಕವ್ವ, ಏಳು, ಅದರಾಗ ಕಡೀ ಆಟ ಇಲ್ಲ ಎಂದು ಗೊಗ್ಗರು ದನಿಯಲ್ಲಿ ಹೇಳಿದಳು. ಮೂರು ತಿಂಗಳು ಮಾತಾಡದೆ ಅವಳ ದನಿ ಸವೆದುಹೋಗಿದೆ. ಕಣ್ಣೀರು ಸುರಿಯುತ್ತಿತ್ತು. ಇಮಾಮಬಿ ಅವಳನ್ನು ನೋಡಿದಳು, ಫೋನು ಹಚ್ಚಿ ಮತ್ತೊಮ್ಮೆ ಕೇಳಿದಳು. ನಮ್ಮ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ, ಕನಿಕರವೇ ಇತ್ತು.

"ಫೋನಿನ್ಯಾಗಿನ ಆಯಿ ನಗ್ತಾಳ್ರಿ" ಎಂದಳು. "ಈಕಿ ಆಕಿ ಅಲ್ಲ."

ಚಹಾ ಕುಡಿಯದೇ ಹೋದಳು. ಬಸ್ಸಿನ ಕಿಟಕಿಯಲ್ಲಿ ಮತ್ತೆ ಫೋನು ತೆಗೆದಳೆಂದು ಶಬನಮ ಹೇಳಿದಳು.

ಆಯಿ ಮುಖ ತೊಳೆದುಕೊಂಡು ಬಂದು, ಜೈನಾಪುರಕ್ಕೆ ಬಸ್ಸು ಎಷ್ಟಕ್ಕಿದೆ ಎಂದು ಕೇಳಿದಳು. ನಾಳೆ ಮುಂಜಾನೆ ಅವಳು, ಶಬನಮ ಇಬ್ಬರೂ ಹೋಗುತ್ತಾರೆ. ಅವಳು ಬಾಗಿಲು ತೆಗೆಯದಿದ್ದರೆ ಏನು ಮಾಡುತ್ತೀ ಎಂದೆ. ಹೊರಗೆ ಕೂಡುತ್ತೇನೆ ಎಂದಳು.

ಈಗ ಸಂಜೆ ಐದು ಗಂಟೆ. ನಾನು ಅಂಚೆಮನೆಯ ಬಾಗಿಲಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಇಲ್ಲಿಂದ ನಮ್ಮ ಅಂಗಳ ಕಾಣುತ್ತದೆ. ಶಬನಮ ತಾಯಿಯ ಫೋನು ಹಿಡಿದು ಆಯಿಯ ಮುಂದೆ ಕೂತಿದ್ದಾಳೆ. ಫೋನಿನ ಆಯಿಯ ಮಾತನ್ನು ಒಂದು ಸಲ ಹಚ್ಚುತ್ತಾಳೆ, ನಿಲ್ಲಿಸುತ್ತಾಳೆ. ಆಯಿ ಅದೇ ನಗೆಯಲ್ಲಿ "ಸಾಕವ್ವ, ಏಳು" ಎನ್ನಲು ನೋಡುತ್ತಾಳೆ. ಬರಲಿಲ್ಲ ಎಂದು ಶಬನಮ ತಲೆ ಅಲ್ಲಾಡಿಸುತ್ತಾಳೆ, ಮತ್ತೆ ಹಚ್ಚುತ್ತಾಳೆ. ಮಧ್ಯಾಹ್ನದಿಂದ ಇದೇ ನಡೆದಿದೆ.

ಆ ನಗು ಇನ್ನೂ ಬಂದಿಲ್ಲ.

ಸೌಭಾಗ್ಯ